ಪೂರ್ತಿ ಹಾಡಿಗೆ ಅನುಮತಿ ಬೇಡ, ಎರಡು ಸೆಕೆಂಡಿಗೆ ಬೇಕು!

ಅಮೆರಿಕದ ಕಾಪಿರೈಟ್ ಕಾನೂನಿನ ಒಂದು ವಿಚಿತ್ರ ನೋಡಿ. ಒಮ್ಮೆ ಬಿಡುಗಡೆಯಾದ ಹಾಡನ್ನು ಯಾರು ಬೇಕಾದರೂ ಮೊದಲಿಂದ ಕೊನೆಯವರೆಗೆ ತಮ್ಮ ದನಿಯಲ್ಲಿ ಹಾಡಿ, ರೆಕಾರ್ಡ್ ಮಾಡಿ ಮಾರಬಹುದು. ಬರೆದವರ ಒಪ್ಪಿಗೆ ಬೇಕಿಲ್ಲ. ನೋಟಿಸ್ ಕೊಟ್ಟು, ಗೊತ್ತುಮಾಡಿದ ದರ ಕಟ್ಟಿದರೆ ಸಾಕು. ನಿಮ್ಮ ಹಾಡುಗಾರಿಕೆ ಅವರ ಕಿವಿಗೆ ಕರ್ಕಶ ಅನ್ನಿಸಿದರೂ ತಡೆಯೋ ಹಾಗಿಲ್ಲ. ಅದೇ ಹಾಡಿನ ಹಳೇ ರೆಕಾರ್ಡಿಂಗಿನಿಂದ ಎರಡು ಸೆಕೆಂಡ್ ಗಿಟಾರ್ ಎತ್ತಿ ನಿಮ್ಮ ಹಾಡಿಗೆ ಹಾಕಿಕೊಂಡಿರೋ (ಇದಕ್ಕೇ ಸ್ಯಾಂಪಲಿಂಗ್ ಅನ್ನೋದು), ಕಥೆಯೇ ಬೇರೆ. ಹಕ್ಕುದಾರರು ಇಲ್ಲ ಅಂದರೆ ಇಲ್ಲ. ಬಾಯಿಗೆ ಬಂದಷ್ಟು ದುಡ್ಡು ಕೇಳಿದರೆ ಅದೇ ದರ.

ಹೀಗೆ ಇನ್ನೊಬ್ಬರ ಹಾಡನ್ನು ಮತ್ತೆ ಹಾಡೋದಕ್ಕೆ ಕವರ್ ಅಂತಾರೆ. ಅದಕ್ಕೆ ಈ ಸವಲತ್ತು ಬಂದದ್ದು 1909ರಲ್ಲಿ. ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ಪಿಯಾನೋ ತಾನಾಗಿ ನುಡಿಯುತ್ತಿದ್ದ ಕಾಲ ಅದು. ಒಂದೇ ಕಂಪನಿ ಎಲ್ಲ ಹಾಡುಗಳ ಹಕ್ಕನ್ನೂ ಕೊಂಡು ಕೂತುಬಿಟ್ಟರೆ ಗತಿಯೇನು ಅನ್ನೋ ಭಯ ಇತ್ತು. ಅದಕ್ಕೇ ಸಂಸತ್ತು ಪ್ರತಿಗೆ 2 ಸೆಂಟ್ ಕೊಟ್ಟು ಯಾರು ಬೇಕಾದರೂ ಮಾಡಿಕೊಳ್ಳಿ ಅಂದಿತು. (ಆ 2 ಸೆಂಟ್ 1977ರ ಕೊನೆಯವರೆಗೂ ಕದಲಲಿಲ್ಲ. ಅದರದ್ದೇ ಇನ್ನೊಂದು ಗೋಳು.) ಸ್ಯಾಂಪಲಿಂಗ್‌ಗೂ ಇಂಥದ್ದೊಂದು ದಾರಿ ಯಾಕಿಲ್ಲ? ನನ್ನ ತಕರಾರು ಇಷ್ಟೇ.

ಒಂದು ರೆಕಾರ್ಡಿನಲ್ಲಿ ಎರಡು ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ರಾಗದ್ದು ಒಂದು, ಆ ದಿನ ಸ್ಟುಡಿಯೋದಲ್ಲಿ ಹಿಡಿದಿಟ್ಟ ದನಿಯದ್ದು ಇನ್ನೊಂದು. ಎರಡನೆಯದಕ್ಕೆ ಮಾಸ್ಟರ್ ಅಂತಾರೆ. ಸ್ಯಾಂಪಲ್ ಮಾಡುವವರು ಎರಡೂ ಕಡೆ ಬಾಗಿಲು ತಟ್ಟಬೇಕು. ಮಾಸ್ಟರ್ ಸಿಗದಿದ್ದರೆ ಅದೇ ತುಣುಕನ್ನು ಹೊಸದಾಗಿ ನುಡಿಸಿ ಹಾಕುವವರೂ ಇದ್ದಾರೆ. ಆದರೆ ಆ ಹಳೇ ರೆಕಾರ್ಡಿನ ಕರಕರ, ಆ ಕೋಣೆಯ ಗುಂಗು, ಆ ಕೈಯ ತೂಕ ಎಲ್ಲಿಂದ ಬರಬೇಕು?

ಸ್ಯಾಂಪಲಿಂಗ್ ಅಂದರೆ ಸುಮ್ನೆ ಕದ್ದು ಅಂಟಿಸೋದು ಅನ್ನುವವರು ಒಮ್ಮೆ ಎಸ್‌ಪಿ-1200 ಅನ್ನೋ ಯಂತ್ರದ ಬಗ್ಗೆ ಓದಬೇಕು. 1987ರಲ್ಲಿ ಬಂದದ್ದು. ಅದರ ನೆನಪಿನಲ್ಲಿ ಎಲ್ಲ ಸೇರಿ ಹಿಡಿಸುತ್ತಿದ್ದದ್ದು ಬರೀ 10 ಸೆಕೆಂಡ್ ದನಿ. ಆಗಿನ ಹುಡುಗರು ನಿಮಿಷಕ್ಕೆ 33 ಸುತ್ತಿನ ವೇಗದಲ್ಲಿ ಓಡಬೇಕಾದ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಳ್ಳುತ್ತಿದ್ದರು. ಆಮೇಲೆ ಯಂತ್ರದೊಳಗೆ ನಿಧಾನ ಮಾಡುತ್ತಿದ್ದರು. ಜಾಗ ಉಳಿಸೋ ಈ ಉಪಾಯದಿಂದ ದನಿ ಒರಟಾಗುತ್ತಿತ್ತು. ಆ ಒರಟುತನವೇ ಹಿಪ್‌ಹಾಪ್‌ನ ರುಚಿಯಾಯಿತು. ಡ್ರಮ್ಮಿನ ಒಂದೊಂದು ಏಟನ್ನೂ ಬಿಡಿಸಿ, ಬೇರೆ ಬೇರೆ ಗುಂಡಿಗೆ ಕಟ್ಟಿ, ಬೆರಳಲ್ಲಿ ಮತ್ತೆ ನುಡಿಸೋದು ಕೆಲಸ ಅಲ್ವಾ?

ಕೋರ್ಟುಗಳಿಗೆ ಹಾಗನ್ನಿಸಲಿಲ್ಲ. 1991ರಲ್ಲಿ ಬಿಜ್ ಮಾರ್ಕಿ ಅನ್ನೋ ರ‍್ಯಾಪರ್ ಮೇಲಿನ ಕೇಸಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ತೀರ್ಪನ್ನು ಶುರುಮಾಡಿದ್ದೇ ಬೈಬಲ್ಲಿನ ‘ಕದಿಯಬೇಡ’ ಅನ್ನೋ ಆಜ್ಞೆಯಿಂದ. ಕ್ರಿಮಿನಲ್ ಕ್ರಮದ ಮಾತನ್ನೂ ಆಡಿದರು. ಬಿಜ್ ತನ್ನ ಮುಂದಿನ ಆಲ್ಬಮ್ಮಿಗೆ ‘ಎಲ್ಲ ಸ್ಯಾಂಪಲ್‌ಗೂ ಅನುಮತಿ ಸಿಕ್ಕಿದೆ’ ಅನ್ನೋ ಅರ್ಥದ ಹೆಸರಿಟ್ಟ. ಭಲೇ ಅನ್ನಬೇಕು! ಡೆ ಲಾ ಸೋಲ್ ತಂಡದ 1989ರ ಮೊದಲ ಆಲ್ಬಮ್ ಇನ್ನೂ ದೊಡ್ಡ ಪಾಡು ಪಟ್ಟಿತು. ತುಂಬಾ ಸ್ಯಾಂಪಲ್‌ಗಳಿದ್ದ ಅದು ಪ್ರಮುಖ ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ.

2005ರ ತೀರ್ಪು ಇನ್ನೂ ಬಿಗಿ. ಫಂಕಡೆಲಿಕ್ ತಂಡದ ಗಿಟಾರಿನ ಎರಡು ಸೆಕೆಂಡ್ ತುಣುಕು. ಅದರ ಶ್ರುತಿ ಇಳಿಸಿ, ಮತ್ತೆ ಮತ್ತೆ ಬರುವಂತೆ ಲೂಪ್ ಮಾಡಿ ಎನ್‌.ಡಬ್ಲ್ಯು.ಎ. ಅನ್ನೋ ರ‍್ಯಾಪ್ ತಂಡ ಬಳಸಿತ್ತು. ಗೊತ್ತಿಲ್ಲದವರ ಕಿವಿಗೆ ಬೀಳುವುದೇ ಕಷ್ಟ. ಆದರೂ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಒಂದೇ ಮಾತು: ಲೈಸೆನ್ಸ್ ತಗೊಳ್ಳಿ, ಇಲ್ಲದಿದ್ದರೆ ಸ್ಯಾಂಪಲ್ ಮಾಡಬೇಡಿ. ಕೇಸು ಹಾಕಿದ್ದು ಗಿಟಾರ್ ನುಡಿಸಿದವರಲ್ಲ, ಹಕ್ಕುಗಳನ್ನು ಇಟ್ಟುಕೊಂಡಿದ್ದ ಬ್ರಿಡ್ಜ್‌ಪೋರ್ಟ್ ಕಂಪನಿ ಮತ್ತು ಅದರ ಜೊತೆಗಾರ ಕಂಪನಿಗಳು. 2001ರಲ್ಲಿ ಅವು ಸುಮಾರು 800 ಜನ ಮತ್ತು ಸಂಸ್ಥೆಗಳ ಮೇಲೆ ಒಟ್ಟಿಗೆ ದಾವೆ ಹೂಡಿದ್ದವು. 1909ರಲ್ಲಿ ಹೆದರಿದ್ದು ಇಂಥದ್ದಕ್ಕೇ.

2016ರಲ್ಲಿ ಮಡೋನ್ನಾ ಕೇಸಿನಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಇದಕ್ಕೆ ತದ್ವಿರುದ್ಧ ಹೇಳಿತು. 0.23 ಸೆಕೆಂಡಿನ ತುತ್ತೂರಿ ಸದ್ದಿಗೆಲ್ಲ ಲೈಸೆನ್ಸ್ ಬೇಕಿಲ್ಲ ಅಂತ. ಅಂದರೆ ಒಂದೇ ದೇಶದಲ್ಲಿ ಉತ್ತರ ನಿಮ್ಮ ಕೇಸು ಯಾವ ಕೋರ್ಟಿಗೆ ಬಿತ್ತು ಅನ್ನೋದರ ಮೇಲೆ! ಯುರೋಪಿನಲ್ಲಿ ಕ್ರಾಫ್ಟ್‌ವೆರ್ಕ್ ತಂಡದ 1977ರ ಎರಡು ಸೆಕೆಂಡ್ ತಾಳದ ಜಗಳಕ್ಕೆ ಯುರೋಪಿಯನ್ ನ್ಯಾಯಾಲಯ ಮೊದಲ ಸಲ ಉತ್ತರ ಕೊಟ್ಟದ್ದು 2019ರಲ್ಲಿ. ಕಿವಿಗೆ ಗುರುತು ಸಿಗದಷ್ಟು ಬದಲಾಗಿದ್ದರೆ ಅನುಮತಿ ಬೇಡ ಅಂದಿತು. ಇದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತೆ. ಎಲ್ಲಿಂದ ತಂದೆ ಅಂತ ಕೇಳುಗರಿಗೆ ಗೊತ್ತಾಗಲಿ ಅಂತ ಬಿಟ್ಟರೆ ತಪ್ಪು, ಗುರುತು ಅಳಿಸಿದರೆ ಸರಿ.

ಇಷ್ಟೆಲ್ಲ ಬಿಗಿ ಮಾಡಿದ್ದು ಕಲಾವಿದರನ್ನು ಕಾಪಾಡೋಕೆ ಅಂತಾರಲ್ಲ, ಅಲ್ಲಿಗೇ ಬರೋಣ. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡ ಒಂದು ಹಾಡು ರೆಕಾರ್ಡ್ ಮಾಡಿತು. ಅದರ ನಡುವೆ ಗ್ರೆಗರಿ ಕೋಲ್ಮನ್ ಒಬ್ಬರೇ ಡ್ರಮ್ ಬಾರಿಸುವ ಆರೇಳು ಸೆಕೆಂಡ್ ಇದೆ. ‘ಅಮೆನ್ ಬ್ರೇಕ್’ ಅಂತಾರೆ. ಹಿಪ್‌ಹಾಪ್‌ನಿಂದ ಹಿಡಿದು ಸಾವಿರಾರು ಹಾಡಿಗೆ ಅದು ಹೋಗಿದೆ. ಜಂಗಲ್, ಡ್ರಮ್ ಆ್ಯಂಡ್ ಬಾಸ್ ಅನ್ನೋ ನೃತ್ಯ ಸಂಗೀತದ ಪ್ರಕಾರಗಳಂತೂ ನಿಂತಿರೋದೇ ಅದರ ಮೇಲೆ. ಕೋಲ್ಮನ್ ಸ್ಯಾಂಪಲ್ ಬಾಬ್ತಿನಲ್ಲಿ ಒಂದು ಕಾಸೂ ಕಾಣದೆ 2006ರಲ್ಲಿ ತೀರಿಕೊಂಡರು. ಆಗ ಅವರಿಗೆ ಮನೆ ಕೂಡ ಇರಲಿಲ್ಲ. ಹಕ್ಕಿದ್ದ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ ವಿಷಯ ತಿಳಿದದ್ದೇ 1996ರಲ್ಲಿ. 2015ರಲ್ಲಿ ಬ್ರಿಟನ್ನಿನ ಡಿಜೆ ಒಬ್ಬರು ಆನ್‌ಲೈನ್‌ನಲ್ಲಿ ಚಂದಾ ಎತ್ತಿ ಅವರಿಗೆ ಸುಮಾರು 24,000 ಪೌಂಡ್ ಕೊಟ್ಟರು. ಕಾನೂನು ಕೊಡಿಸದಿದ್ದದ್ದನ್ನು ಕೇಳುಗರು ಕೊಟ್ಟರು. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಜೊತೆ ಡ್ರಮ್ ಬಾರಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್‌ದೂ ಹೆಚ್ಚುಕಡಿಮೆ ಇದೇ ಕಥೆ. ತಾಳ ಅವರದು, ಹಾಡು ಬರೆದವರ ಜಾಗದಲ್ಲಿ ಅವರ ಹೆಸರಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಸ್ಯಾಂಪಲ್‌ಗೂ ಕಾನೂನೇ ಒಂದು ದರ ಗೊತ್ತುಮಾಡಲಿ. ಎಷ್ಟು ಉದ್ದ, ಹಾಡಿನಲ್ಲಿ ಎಷ್ಟು ಸಲ ಬರುತ್ತೆ ಅನ್ನೋದರ ಮೇಲೆ ಗಳಿಕೆಯಲ್ಲಿ ಪಾಲು. ಆ ಪಾಲಿನಲ್ಲಿ ಒಂದು ಭಾಗ ಯಾವ ಕರಾರಿದ್ದರೂ ನೇರ ನುಡಿಸಿದವರಿಗೆ. ಮತ್ತೆ ಹೆಸರು ಹಾಕೋದು ಕಡ್ಡಾಯ. 2002ರಲ್ಲಿ ಅಮೆರಿಕದ ಒಂದು ಹಿಟ್ ಹಾಡಿನಲ್ಲಿ ಲತಾ ಮಂಗೇಶ್ಕರ್ ದನಿ ಕೇಳಿಸಿತು, ‘ಜ್ಯೋತಿ’ ಸಿನಿಮಾದ ಹಾಡಿನಿಂದ ಎತ್ತಿದ್ದು. ಸಂಗೀತ ಬಪ್ಪಿ ಲಹಿರಿಯದು, ಹೆಸರು ಎಲ್ಲೂ ಇಲ್ಲ. ಮರುವರ್ಷ ಲಾಸ್ ಏಂಜಲೀಸ್ ಕೋರ್ಟು ಅವರ ಹೆಸರು ಹಾಕದೆ ಸಿಡಿ ಮಾರುವಂತಿಲ್ಲ ಅಂತ ತಡೆ ಕೊಟ್ಟಿತು.

‘ನನ್ನ ದನಿ ನನಗೆ ಹೇಸಿಗೆ ಅನ್ನಿಸೋ ಹಾಡಿನಲ್ಲಿ ಬಂದರೆ?’ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕವರ್ ಹಾಡಿನ ವಿಷಯದಲ್ಲಿ ರಾಗ ಕಟ್ಟಿದವರಿಗೆ ‘ಇಲ್ಲ’ ಅನ್ನೋ ಅಧಿಕಾರವನ್ನು ಕಾನೂನು 1909ರಿಂದ ಕೊಟ್ಟಿಲ್ಲ, ನಿಜ. ಆದರೆ ದನಿಯ ವಿಷಯ ಇನ್ನೂ ಹತ್ತಿರದ್ದು ಅಂತ ನಾನೂ ಒಪ್ಪುತ್ತೇನೆ. ಹಾಡಿದವರಿಗೆ, ನುಡಿಸಿದವರಿಗೆ ಬದುಕಿರೋವರೆಗೆ ಆ ಅಧಿಕಾರ ಇರಲಿ. ಹಕ್ಕು ಕೊಂಡುಕೊಂಡ ಕಂಪನಿಗೆ ಬೇಡ.