ಪರ-ವಿರೋಧ: ಕುಂಗ್‌ಫು ಸಿನಿಮಾಕ್ಕೆ ಹಳೇ ಕಾಲದ ಸೊಗಸು ಬೇಕಾ?

ಪರ

ಬರೆಯಲು ಹೇಳಿದ್ದಾರೆ, ಬರೆಯುತ್ತೇನೆ. ಸೊಗಸು ಬೇಕು. ಇಪ್ ಮ್ಯಾನ್ ಎಂಬ ನಿಜವಾದ ಕುಂಗ್‌ಫು ಗುರುವಿನ ಮೇಲೆ ಮಾಡಿದ 2008ರ ‘ಇಪ್ ಮ್ಯಾನ್’ ನೋಡಿ. 1930ರ ದಶಕದ ಚೀನಾದ ಫೋಶಾನ್ ಊರು. ಒಂದೇ ಬೀದಿಯಲ್ಲಿ ಸಾಲುಸಾಲು ಗರಡಿಗಳು, ಉದ್ದ ನಿಲುವಂಗಿ ತೊಟ್ಟ ನಾಯಕ. ಉತ್ತರದಿಂದ ಬಂದ ಒರಟನೊಬ್ಬ ಮನೆಯೊಳಗೇ ಕಾಳಗಕ್ಕೆ ನಿಲ್ಲುತ್ತಾನೆ. ಸಾಮಾನು ಒಡೆಯುತ್ತಿವೆ. ಆಗ ಪುಟ್ಟ ಮಗ ಮೂರು ಚಕ್ರದ ಸೈಕಲ್ ತುಳಿದುಕೊಂಡು ಬರುತ್ತಾನೆ. ನೀವು ತಿರುಗಿ ಹೊಡೆಯದಿದ್ದರೆ ಮನೆಯೆಲ್ಲ ಪುಡಿಯಾಗುತ್ತಂತೆ, ಅಮ್ಮ ಹೇಳಿದ್ಲು ಅಂತಾನೆ. ಕೊನೆಗೆ ಕತ್ತಿಯವನಿಗೆ ಧೂಳು ಹೊಡೆಯುವ ಗರಿಪೊರಕೆಯಲ್ಲೇ ಏಟು! ಇದೇ ಜಗಳ ಕೋಲಾರದ ಡೂಂಲೈಟ್ ಸರ್ಕಲ್ ಹತ್ತಿರದ ಅಪಾರ್ಟ್‌ಮೆಂಟಲ್ಲಿ ನಡೆದರೆ ಸೆಕ್ಯೂರಿಟಿ ಬಂದು ಬಿಡಿಸ್ತಾನೆ, ಅಲ್ವಾ?

ಇತಿಹಾಸ ಸರಿಯಿಲ್ಲ ಅನ್ನೋರಿಗೆ ಲೈಬ್ರರಿ ಇದೆ, ಹೋಗಿ ಓದಲಿ.

ವಿರೋಧ

ಪೊರಕೆ ನೋಡಿ ಮೂರ್ಛೆ ಹೋಗುವವರಿಗೆ ಏನು ಹೇಳೋದು! ಸೊಗಸಾಗಿ ಹೇಳಿದ ಸುಳ್ಳಿಗೆ ಆಯಸ್ಸು ಜಾಸ್ತಿ. ನಿಜವಾದ ಇಪ್ ಮ್ಯಾನ್ ಜಪಾನ್ ಜೊತೆಗಿನ ಯುದ್ಧ ಮುಗಿದ ಮೇಲೆ ಫೋಶಾನ್‌ನಲ್ಲೇ ಪೊಲೀಸ್ ಕೆಲಸ ಮಾಡಿದವರು. ಹಾಂಗ್‌ಕಾಂಗಿಗೆ ಹೋಗಿದ್ದು ಕಮ್ಯುನಿಸ್ಟರು ಗೆದ್ದಾಗ. ಸಿನಿಮಾದಲ್ಲಿ? ಜಪಾನಿ ಜನರಲ್‌ನನ್ನು ಊರೆದುರು ಚಚ್ಚಿ, ಗುಂಡೇಟು ತಿಂದು, ಅಲ್ಲಿಂದ ಪರಾರಿ. ಯಾರಿಗೂ ಅನುಮಾನ ಬರಲ್ಲ. ಆ ಗೋಡೆ, ಆ ಬಟ್ಟೆ, ಆ ಮಾಸಲು ಬಣ್ಣವೇ ಸಾಕ್ಷಿ ನುಡಿದುಬಿಡುತ್ತವೆ.

ನಮಗಿದು ಚೆನ್ನಾಗಿ ಗೊತ್ತು. ಅಪ್ಪ ಕೆಜಿಎಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಟಿಫನ್ ಕ್ಯಾರಿಯರ್ ಹಿಡಿದು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತುತ್ತಿದ್ದರು. 1972ರಿಂದ ಅದು ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್. ಸಂಬಳದ ಚೀಟಿ, ಪಿಎಫ್, ಯೂನಿಯನ್ ಗಲಾಟೆ ಎಲ್ಲ ಇತ್ತು. 2001ರಲ್ಲಿ ಬಾಗಿಲು ಹಾಕಿದರು. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂತು. 70-80ರ ದಶಕದ ಕಥೆ, ಮಸಿ ಮೆತ್ತಿದ ಮುಖಗಳು, ಬಂದೂಕಿನ ಕಾವಲು, ಗುಲಾಮರು. ಕುಂಗ್‌ಫು ಅಲ್ಲ, ಒಪ್ಪಿದೆ. ಆದರೆ ಜನರನ್ನು ನಂಬಿಸೋ ಉಪಾಯ ಒಂದೇ.

ಮೈಸೂರಿನ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತ ಹುಡುಗ ಕೇಳಿದ, “ಅಂಕಲ್, ನಿಮಗೂ ಸರಪಳಿ ಹಾಕ್ತಿದ್ರಾ?” ಅಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ಓವರ್‌ಟೈಮ್ ಇದ್ದ ದಿನ ಮಾತ್ರ” ಅಂದರು. ಹುಡುಗ ಅದನ್ನೂ ನಂಬಿದ.

ಹಳೇ ಕಾಲ ಬೇಕೇ ಬೇಕು ಅಂದರೆ 2004ರ ‘ಕುಂಗ್ ಫು ಹಸಲ್’ ಥರ ಮಾಡಲಿ. ಹಳೇ ಶಾಂಘೈ ಅಲ್ಲೂ ಇದೆ. ಆದರೆ ವಠಾರದ ಒಡತಿ ಕಾರ್ಟೂನಿನ ಹಾಗೆ ಕಾಲು ಚಕ್ರವಾಗಿ ಓಡುತ್ತಾಳೆ. ಇದು ಬೊಗಳೆ ಅಂತ ಸಿನಿಮಾನೇ ಒಪ್ಪಿಕೊಳ್ಳುತ್ತೆ. ಅದಕ್ಕೆ ನನ್ನದೇನೂ ತಕರಾರಿಲ್ಲ.