ಬೀಗ ಹಾಕಿದ್ದೀವಿ ಅಂದ್ರೆ ಮುಗೀತಾ?

ಬೆಳಿಗ್ಗೆಯಿಂದ ಕೋಪ ಇಳಿದಿಲ್ಲ. ಇಳಿಯಲಿ ಅಂತ ಕಾದೆ. ಊಟ ಮಾಡಿದೆ, ಸಂಜೆ ಬಂದ ಮಕ್ಕಳಿಗೆ ಪಾಠ ಹೇಳಿದೆ. ಆದರೂ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕಛೇರಿ ಮುಗಿದ ಮೇಲೆ ಕಲಾವಿದರ ವಾದ್ಯವನ್ನು ಭವನದಲ್ಲೇ ಬಿಟ್ಟು ಹೋಗಿ ಅನ್ನುವುದರ ಬಗ್ಗೆ.

ತುಮಕೂರಿನಲ್ಲಿ ಈಗ ರಾಮನವಮಿ ಕಛೇರಿಗಳ ಕಾಲ, ನಿಮಗೆ ಗೊತ್ತೇ ಇದೆ. ಒಂದು ಬಡಾವಣೆಯ ಸಮುದಾಯ ಭವನದಲ್ಲಿ ಮೂರು ದಿನದ ಸಂಗೀತ. ಯಾವ ಬಡಾವಣೆ ಅಂತ ಕೇಳಬೇಡಿ, ಅಲ್ಲಿರುವವರೆಲ್ಲ ನನಗೆ ಬೇಕಾದವರೇ. ನನ್ನ ಹತ್ತಿರ ಕಲಿಯುವ ಹುಡುಗನೊಬ್ಬ ನಿನ್ನೆ ರಾತ್ರಿ ಅಲ್ಲಿ ಮೃದಂಗ ನುಡಿಸಿದ. ಇವತ್ತು ಬೆಳಿಗ್ಗೆಯ ಕಛೇರಿಗೂ ಅವನೇ. ರಾತ್ರಿ ಹಾಡಿದವರು ಗಂಡಸರು, ಬೆಳಿಗ್ಗೆ ಒಬ್ಬ ಹೆಣ್ಣುಮಗಳು. ಹಾಗಾಗಿ ಎರಡು ಮೃದಂಗ ತಂದಿದ್ದ. ಸಂಗೀತದ ಕಡೆಯವರಲ್ಲದ ಸ್ನೇಹಿತರಿಗೆ ಹೇಳಿಬಿಡುತ್ತೇನೆ: ಶ್ರುತಿ ಅಂದರೆ ಹಾಡುವವರು ಹಿಡಿಯುವ ಆಧಾರ ಸ್ವರ. ಗಂಡಸರ ತಗ್ಗಿನ ಒಂದು, ಒಂದೂವರೆ ಶ್ರುತಿಗೆ ಉದ್ದನೆಯ ಮೃದಂಗ ಬೇಕು. ಹೆಂಗಸರ ಎತ್ತರದ ಐದು, ಐದೂವರೆಗೆ ಗಿಡ್ಡದ್ದು ಬೇಕು. ಒಂದರಲ್ಲೇ ಎರಡನ್ನೂ ನಿಭಾಯಿಸಲು ಆಗುವುದಿಲ್ಲ.

ಕಛೇರಿ ಮುಗಿದಾಗ ಹತ್ತೂವರೆ ದಾಟಿತ್ತಂತೆ. ಹುಡುಗ ಉಳಿದುಕೊಂಡಿರುವುದು ಕ್ಯಾತ್ಸಂದ್ರದಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ಸ್ಕೂಟರ್ ತಂದಿದ್ದರು. ಸ್ಕೂಟರಿನಲ್ಲಿ ಇಬ್ಬರು ಮನುಷ್ಯರು, ಎರಡು ಮೃದಂಗ ಹೇಗೆ ಹೋಗುವುದು? ಹುಡುಗ ಅಲ್ಲೇ ನಿಂತು ಯೋಚಿಸುತ್ತಿದ್ದ. ಆಗ ಆಯೋಜಕರಲ್ಲಿ ಹಿರಿಯರೊಬ್ಬರು ಬಂದು ಹೇಳಿದ್ದು ಇದು: "ಇಲ್ಲೇ ಬಿಟ್ಟೋಗಪ್ಪ. ಬೆಳಿಗ್ಗೆ ಮತ್ತೆ ಬರ್ತೀಯಲ್ಲ. ಬೀಗ ಹಾಕ್ಕೊಂಡೇ ಹೋಗೋದು ನಾವು."

ಹದಿನೆಂಟರ ಹುಡುಗ. ದೊಡ್ಡವರು ಹೇಳಿದ ಮೇಲೆ ಇಲ್ಲ ಅನ್ನುತ್ತಾನಾ? ವೇದಿಕೆಯ ಹಿಂದೆ ಗೋಡೆಗೆ ಒರಗಿಸಿಟ್ಟು ಹೋದ.

ಬೆಳಿಗ್ಗೆ ಐದೂವರೆಗೆ ಭವನ ತೊಳೆಯುವ ಹೆಂಗಸರು ಬಂದಿದ್ದಾರೆ. ಹಿಂದಿನ ದಿನದ ಪಾನಕ ಚೆಲ್ಲಿ ನೆಲವೆಲ್ಲ ಅಂಟಂಟು, ಇರುವೆ ಬೇರೆ. ಪೈಪು ಹಿಡಿದು ಚೆನ್ನಾಗಿ ತೊಳೆದಿದ್ದಾರೆ. ಅವರ ಕೆಲಸ ಅವರು ಮಾಡಿದ್ದಾರೆ, ಅವರನ್ನು ಒಂದು ಮಾತೂ ಅನ್ನುವುದಿಲ್ಲ. ಚೀಲದಲ್ಲಿ ಏನಿದೆ ಅಂತ ಅವರಿಗೆ ಹೇಳಿದವರು ಯಾರು? ನಾನು ಎಂಟು ಗಂಟೆಗೆ ಹೋದಾಗ ಹುಡುಗ ಚೀಲ ಬಿಚ್ಚಿಕೊಂಡು ಕೂತಿದ್ದ. ಮುಖ ನೋಡಲು ಆಗಲಿಲ್ಲ. ಉದ್ದನೆಯ ಮೃದಂಗದ ಎಡಗಡೆಯ ಚರ್ಮ ನೆನೆದು ಮೆತ್ತಗಾಗಿತ್ತು. ಗಿಡ್ಡದ್ದನ್ನು ಯಾರೋ ಜರುಗಿಸುವಾಗ ತಲೆಕೆಳಗು ಮಾಡಿ ಇಟ್ಟಿದ್ದರು. ಅದರ ಬಲಗಡೆ ನೀರಿನಲ್ಲಿ ಕೂತಿತ್ತು. ಕರಣೆ, ಅಂದರೆ ಬಲಗಡೆಯ ಚರ್ಮದ ಮೇಲಿನ ಕಪ್ಪು ವೃತ್ತ, ಅಂಚಿನಲ್ಲಿ ಎದ್ದುಬಂದಿತ್ತು.

ಆ ಕಪ್ಪು ವೃತ್ತ ಇದೆಯಲ್ಲ, ಅದು ಬಣ್ಣ ಅಲ್ಲ. ಕಬ್ಬಿಣದ ಅಂಶ ಇರುವ ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಒಂದು ತೆಳು ಪದರ ಹಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜಿ ಉಜ್ಜಿ ಒಣಗಿಸಿ, ಅದರ ಮೇಲೆ ಇನ್ನೊಂದು ಪದರ ಹಚ್ಚಿ, ಹೀಗೆ ಮಾಡುತ್ತಾ ಹೋಗಿ ಆಗುವುದು ಅದು. ಮೃದಂಗಕ್ಕೆ ನಾದ ಬರುವುದು ಅಲ್ಲಿಂದ. ಅದು ನೆನೆದರೆ ಮುಗಿಯಿತು. ಬಿಸಿಲಿಗಿಟ್ಟು ಒಣಗಿಸೋಣ ಅಂದರೆ ಚರ್ಮ ಸೆಟೆದುಕೊಳ್ಳುತ್ತದೆ, ಕರಣೆ ಬಿರಿಯುತ್ತದೆ. ಹೊಸ ಮುಚ್ಚಿಗೆಯೇ, ಅಂದರೆ ಬಾಯಿಗೆ ಬಿಗಿಯುವ ಚರ್ಮವೇ, ಆಗಬೇಕು. ಅದಕ್ಕೆ ಬೆಂಗಳೂರಿಗೆ ಹೋಗಬೇಕು, ಸರದಿ ಕಾಯಬೇಕು. ಹೊಸ ಮುಚ್ಚಿಗೆ ಹಾಕಿಸಿದರೂ ನುಡಿಸಿ ನುಡಿಸಿ ಅದು ಹದಕ್ಕೆ ಬರಲು ಮತ್ತೆ ದಿನ ಹಿಡಿಯುತ್ತದೆ. ಎರಡು ಕಛೇರಿಗೆ ಹುಡುಗನಿಗೆ ಕೊಟ್ಟ ಸಂಭಾವನೆ ಈ ರಿಪೇರಿಗೇ ಸಾಲದು.

ನಾನು ಮನೆಗೆ ಓಡಿ ನನ್ನ ಮೃದಂಗ ತಂದುಕೊಟ್ಟೆ, ಕಛೇರಿ ಆಯಿತು. ಹುಡುಗ ಚೆನ್ನಾಗಿಯೇ ನುಡಿಸಿದ. ಆಮೇಲೆ ಆ ಹಿರಿಯರ ಹತ್ತಿರ ಹೋಗಿ ವಿಷಯ ಹೇಳಿದರೆ ಬಂದ ಉತ್ತರ ಕೇಳಿ: "ಬೀಗ ಹಾಕಿದ್ವಲ್ಲ ಸಾರ್. ಏನೂ ಕಳುವಾಗಿಲ್ವಲ್ಲ."

ನನ್ನ ಕೋಪ ಇರುವುದು ಈ ಮಾತಿನ ಮೇಲೆ. ಬೀಗ ಕಳ್ಳನಿಗೆ. ನೀರಿಗೆ ಬೀಗ ಇದೆಯಾ? ಇಲಿಗೆ ಇದೆಯಾ? ವಾದ್ಯಕ್ಕೆ ಕಳ್ಳನಿಗಿಂತ ಜಾಸ್ತಿ ಶತ್ರುಗಳು ಇವೇ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಮೃದಂಗ ಬಿಟ್ಟರೆ ಇಲಿ ಬಾರು ಕಡಿಯುತ್ತದೆ, ಅದು ಚರ್ಮ ತಾನೆ. ಹಾರ್ಮೋನಿಯಂ ತಿದಿಯನ್ನೂ ಬಿಡುವುದಿಲ್ಲ. ವೀಣೆಯ ತಂತಿಯಡಿಯ ಮೆಟ್ಟಿಲು ಕೂರುವುದು ಮೇಣದ ಮೇಲೆ. ಶೀಟು ಹೊದಿಸಿದ ಕೋಣೆಯಲ್ಲಿ ನಮ್ಮ ಏಪ್ರಿಲ್ ಬಿಸಿಲಿಗೆ ಆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗಿದರೆ ಸ್ವರಸ್ಥಾನವೇ ತಪ್ಪುತ್ತದೆ. ಪಿಟೀಲಿನ ಅಂಟು ಕೂಡ ಅಷ್ಟೇ, ಸೆಕೆಗೆ ಬಿಡುತ್ತದೆ. ತಂಬೂರಿಯ ಬುರುಡೆಗೆ ಯಾರೋ ಕುರ್ಚಿ ತಗುಲಿಸಿದರೆ ಸಾಕು. ಘಟದ ವಿಷಯ ಹೇಳಲೇಬೇಕಾಗಿಲ್ಲ. ತಮಿಳುನಾಡಿನ ಮಾನಾಮಧುರೆಯಿಂದ ಆರಿಸಿ ಆರಿಸಿ ತಂದ ಘಟ ಒಡೆದರೆ ಅದೇ ಶ್ರುತಿಯದ್ದು ಮಾರನೇ ದಿನ ತುಮಕೂರಿನ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಕಳ್ಳತನ ಆಗುವುದೇ ಇಲ್ಲ ಅಂತಲೂ ಅಲ್ಲ. ರೋಮನ್ ಟೋಟನ್‌ಬರ್ಗ್ ಅಂತ ದೊಡ್ಡ ಪಿಟೀಲು ವಿದ್ವಾಂಸರಿದ್ದರು, ಅಮೆರಿಕದಲ್ಲಿ. 1980ರಲ್ಲಿ ಅಲ್ಲಿನ ಕೇಂಬ್ರಿಡ್ಜ್ ಊರಿನ ಸಂಗೀತ ಶಾಲೆಯಲ್ಲಿ ಕಛೇರಿ ಮುಗಿಸಿ ಜನರ ಜೊತೆ ಮಾತಾಡುತ್ತಿದ್ದಾಗ ಅವರ ಪಿಟೀಲು ಹೋಯಿತು. 1734ರಲ್ಲಿ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿ ಮಾಡಿದ ಪಿಟೀಲು ಅದು. ಇಡೀ ರಾತ್ರಿ ಬಿಟ್ಟು ಹೋಗಿರಲಿಲ್ಲ, ಅದೇ ಕಟ್ಟಡದಲ್ಲೇ ಇದ್ದರು. 2012ರಲ್ಲಿ, 101ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪಿಟೀಲು ಸಿಕ್ಕಿದ್ದು 2015ರಲ್ಲಿ, ಅವರ ಮಕ್ಕಳಿಗೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಇನ್ನು ನೀರಿನ ವಿಷಯಕ್ಕೆ ಬಂದರೆ, 2010ರ ಮೇ ತಿಂಗಳಲ್ಲಿ ಅದೇ ದೇಶದ ನ್ಯಾಶ್‌ವಿಲ್‌ನಲ್ಲಿ ನದಿ ಉಕ್ಕಿ, ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟಿದ ಸಂಗೀತ ಭವನದ ನೆಲಮಾಳಿಗೆ ಮುಳುಗಿತು. ಎರಡು ದೊಡ್ಡ ಸ್ಟೈನ್‌ವೇ ಪಿಯಾನೊ ಹಾಳಾದವು. ಕಲಾವಿದರು ಬಾಡಿಗೆ ಕೊಟ್ಟು ವಾದ್ಯ ಇಡುತ್ತಿದ್ದ ಗೋದಾಮಿಗೂ ನೀರು ನುಗ್ಗಿ ಎಷ್ಟೋ ಜನರ ಗಿಟಾರುಗಳು ಹೋದವು. ಅಲ್ಲೂ ಬೀಗ ಹಾಕಿಯೇ ಇರುತ್ತಾರಲ್ವಾ?

ಇನ್ನೊಂದು ಮಾತು. ಅದೇ ಭವನದಲ್ಲಿ ನಿನ್ನೆ ರಾತ್ರಿ ಮೈಕ್ ಸೆಟ್ಟಿನವರ ಆಂಪ್ಲಿಫೈಯರ್, ಸ್ಪೀಕರ್ ಕೂಡ ಇದ್ದವು. ಅವುಗಳ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಅವರ ಹುಡುಗನೊಬ್ಬ ಮಲಗಿದ್ದ. ಯಾವ ಕಾರ್ಯಕ್ರಮಕ್ಕೆ ಹೋದರೂ ನೋಡಿ, ಮೈಕ್ ಸೆಟ್ಟಿನ ಮಾಲೀಕ ತನ್ನ ಸಾಮಾನನ್ನು ಒಂಟಿಯಾಗಿ ಬಿಡುವುದಿಲ್ಲ. ಭವನ ತೊಳೆಯುವವರು ಬಂದಾಗ ಆ ಹುಡುಗ ಎದ್ದು ಪೆಟ್ಟಿಗೆಗಳನ್ನು ಮೇಲೆತ್ತಿಟ್ಟಿದ್ದಾನೆ. ಅವನ ಸಾಮಾನು ನೆನೆದಿಲ್ಲ. ಬಾಡಿಗೆ ಪಾತ್ರೆಗಳಿಗೂ ಅಷ್ಟೇ, ಇಷ್ಟು ಕೊಳದಪ್ಪಲೆ, ಇಷ್ಟು ಬಕೆಟ್ಟು, ಇಷ್ಟು ಸೌಟು ಅಂತ ಚೀಟಿ ಇರುತ್ತದೆ. ವಾಪಸ್ ಕೊಡುವಾಗ ಒಂದು ಸೌಟು ಕಡಿಮೆಯಾದರೂ ದುಡ್ಡು ಕಟ್ಟಬೇಕು. ಮೃದಂಗಕ್ಕೆ ಚೀಟಿ ಇಲ್ಲ. ಜವಾಬ್ದಾರಿ ಯಾರದ್ದು ಅಂತ ಕೇಳುವವರೂ ಇಲ್ಲ. ಯಾರಿಗಾಗಿ ಇಷ್ಟೆಲ್ಲ ಶಾಮಿಯಾನ, ಪಾತ್ರೆ, ಮೈಕು ಬಂದವೋ ಅವರ ವಾದ್ಯಕ್ಕೇ ಕಾವಲಿಲ್ಲ.

ನನ್ನ ಸ್ನೇಹಿತರೊಬ್ಬರು, ಅವರೂ ಸಂಗೀತ ಸಭೆ ನಡೆಸುವವರೇ, ಮಧ್ಯಾಹ್ನ ಫೋನಿನಲ್ಲಿ ವಾದ ಮಾಡಿದರು. ರಾತ್ರಿ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಮೃದಂಗ ಇಟ್ಟುಕೊಂಡು ಹೋಗುವಾಗ ಬಿದ್ದರೆ? ಹೈವೇ ದಾಟಬೇಕು, ಅದಕ್ಕಿಂತ ಭವನವೇ ಕ್ಷೇಮ ಅಲ್ವಾ ಅಂದರು. ಸ್ಕೂಟರ್ ಅಪಾಯ, ಒಪ್ಪುತ್ತೇನೆ. ಆದರೆ ಸ್ಕೂಟರ್ ಬಿಟ್ಟು ಬೇರೆ ದಾರಿ ಇಲ್ಲದ ಹಾಗೆ ಮಾಡಿದವರು ಯಾರು? ಒಂದು ಆಟೋ ಮಾಡಿಕೊಟ್ಟಿದ್ದರೆ ಮುಗಿಯುತ್ತಿತ್ತು. ಸ್ವಾಗತದ ಫ್ಲೆಕ್ಸಿಗೆ, ಹಾರಕ್ಕೆ, ಶಾಲಿಗೆ ಆಗುವ ಖರ್ಚಿನಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿಬರುವ ಆಟೋ ಬಾಡಿಗೆ ಎಷ್ಟನೇ ಒಂದು ಪಾಲು? ಬೆಂಗಳೂರಿನಿಂದ ಬರುವ ದೊಡ್ಡ ವಿದ್ವಾಂಸರಿಗೆ ಕಾರು ಮಾಡುತ್ತೀರಿ. 70 ಕಿಲೋಮೀಟರ್ ದೂರ ವಾಪಸ್ ಬಿಟ್ಟುಬರುತ್ತೀರಿ. ಸಂತೋಷ, ಮಾಡಲೇಬೇಕು. ಊರಿನ ಹುಡುಗನಿಗೆ ಮಾತ್ರ "ಇಲ್ಲೇ ಬಿಟ್ಟೋಗಪ್ಪ."

ಅವರು ಇನ್ನೊಂದು ಮಾತೂ ಹೇಳಿದರು. ಹಿಂದೆ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ, ತಬಲಾ ಎಲ್ಲ ಥಿಯೇಟರಿನಲ್ಲೇ ಇರುತ್ತಿದ್ದವಲ್ಲ, ಯಾರು ದಿನಾ ಹೊತ್ತುಕೊಂಡು ಹೋಗುತ್ತಿದ್ದರು ಅಂತ. ತುಮಕೂರಿನವರಾಗಿ ಈ ಮಾತು ಆಡುವುದು ಸರಿಯಲ್ಲ. 1884ರಲ್ಲಿ ಕಂಪನಿ ಕಟ್ಟಿದ ಗುಬ್ಬಿ ಇಲ್ಲೇ ಪಕ್ಕದಲ್ಲಿದೆ. ಕಂಪನಿಯವರು ಒಂದೂರಿನಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಜನವೆಲ್ಲ ಅಲ್ಲೇ ಇರುತ್ತಿದ್ದರು. ಅಡುಗೆ ಅಲ್ಲೇ, ಮಲಗುವುದು ಅಲ್ಲೇ. ವಾದ್ಯದ ಜೊತೆ ವಾದ್ಯದವರೂ ಇರುತ್ತಿದ್ದರು. ನಮ್ಮ ಮೂಡಲಪಾಯ ಯಕ್ಷಗಾನದವರು ಬೆಳಗಿನವರೆಗೆ ಆಡುತ್ತಾರೆ. ಮುಖವೀಣೆ, ಮದ್ದಳೆ ಕೈಯಲ್ಲೇ ಇರುತ್ತವೆ, ಆಟ ಮುಗಿದ ಮೇಲೆ ಅವರ ಜೊತೆಯೇ ಹೋಗುತ್ತವೆ. ಅವನ್ನು ಇದಕ್ಕೆ ಹೋಲಿಸಬೇಡಿ.

ತಮಟೆ, ಡೋಲಿನವರ ಪಾಡು ಇನ್ನೂ ನೋವಿನದು. ವೀಣೆಗಾದರೆ ಒಂದು ಕೋಣೆ ಅಂತಾದರೂ ತೋರಿಸುತ್ತಾರೆ. ತಮಟೆ ಹೊತ್ತು ಬಂದವರಿಗೆ "ಆ ಕಡೆ ಇಡ್ರಪ್ಪಾ" ಅಂತಾರೆ. ಆ ಕಡೆ ಅಂದರೆ ಸೌದೆ ಒಲೆಯ ಹಿಂದೆ, ಎಂಜಲೆಲೆ ಹಾಕುವ ಜಾಗದ ಹತ್ತಿರ. ನಾನು ಕಣ್ಣಾರೆ ನೋಡಿದ್ದೇನೆ, ಒಂದು ಜಾತ್ರೆಯಲ್ಲಿ ತಮಟೆಗಳ ಮೇಲೆ ತರಕಾರಿ ಮೂಟೆ ಇಟ್ಟಿದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಆಗ ನಾವೆಲ್ಲ ಅವರ ಫೋಟೋ ಹಾಕಿ ಅಭಿನಂದನೆ ಹೇಳಿದೆವು. ಆ ಅಭಿಮಾನ ಜಾತ್ರೆಗೆ ಬರುವ ತಮಟೆಗೂ ಸಿಗಬೇಡವಾ? ಚರ್ಮದ ವಾದ್ಯ ಅಂತ ತಮಟೆಯನ್ನು ದೂರ ಇಡುವವರು ಮೃದಂಗವನ್ನು ಮಾತ್ರ ದೇವರ ಮುಂದೆ ಇಟ್ಟು ಕುಂಕುಮ ಹಚ್ಚುತ್ತಾರೆ. ಅದಕ್ಕೆ ಮೂರು ಪದರದ ಚರ್ಮ ಬಿಗಿದಿದೆ, ಗೊತ್ತಿರಲಿ.

ಮೃದಂಗದ ಕಟ್ಟಿಗೆ ಹಲಸಿನದು. ಚೇಳೂರು, ಗುಬ್ಬಿ ಕಡೆ ತೋಟದ ಬದುವಿನಲ್ಲಿ ನಿಂತಿರುತ್ತದಲ್ಲ, ಅದೇ ಹಲಸು. ನನ್ನ ಮೇಷ್ಟ್ರು ನನಗೆ ಕೊಟ್ಟ ಮೃದಂಗದ ಕಟ್ಟಿಗೆ ನನಗಿಂತ ವಯಸ್ಸಾದದ್ದು. ಮುಚ್ಚಿಗೆ ಎಷ್ಟೋ ಸಲ ಬದಲಾಗಿದೆ, ಕಟ್ಟಿಗೆ ಅದೇ. ಇವತ್ತು ಅದನ್ನೇ ಹುಡುಗನ ಕೈಗೆ ಕೊಟ್ಟೆ. ಅವನು ಭವನದಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಊಟಕ್ಕೆ ಕೂತಾಗಲೂ ಪಕ್ಕದಲ್ಲೇ ಇಟ್ಟುಕೊಂಡಿದ್ದ. ಅದನ್ನು ನೋಡಿ ನನ್ನ ಕಣ್ಣು ತುಂಬಿತು.

ನನ್ನ ಸ್ನೇಹಿತರ ಪಟ್ಟಿಯಲ್ಲಿ ಸಭೆ ನಡೆಸುವವರು, ದೇವಸ್ಥಾನದ ಸಮಿತಿಯವರು, ಗಣೇಶೋತ್ಸವ ಮಾಡುವ ಹುಡುಗರು ಬಹಳ ಜನ ಇದ್ದೀರಿ. ನೀವು ಪ್ರೀತಿಯಿಂದ ಕರೆಯುತ್ತೀರಿ, ಕೈಯಿಂದ ದುಡ್ಡು ಹಾಕಿ ಕಾರ್ಯಕ್ರಮ ಮಾಡುತ್ತೀರಿ. ನಿಮ್ಮಿಂದಲೇ ನಮ್ಮ ಊರಿನಲ್ಲಿ ಸಂಗೀತ ಉಳಿದಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಕಲಾವಿದರು ಎಲ್ಲಿ ಮಲಗುತ್ತಾರೋ ವಾದ್ಯವೂ ಅಲ್ಲಿಗೇ ಹೋಗಬೇಕು. ಅದಕ್ಕೆ ಬೇಕಾದ ಆಟೋ ಖರ್ಚನ್ನು ಪಕ್ಕವಾದ್ಯದವರ ಸಂಭಾವನೆಯಲ್ಲಿ ಕಳೆಯಬೇಡಿ, ಊಟ, ಮೈಕಿನ ಜೊತೆ ಬರೆದುಕೊಳ್ಳಿ. ಬಿಡಲೇಬೇಕಾದ ಸಂದರ್ಭ ಬಂದರೆ, ದೊಡ್ಡ ಡ್ರಮ್ ಸೆಟ್ಟೋ ಕೀಬೋರ್ಡೋ ಇದ್ದರೆ, ನಿಮ್ಮವರೊಬ್ಬರು ಅದೇ ಕೋಣೆಯಲ್ಲಿ ಮಲಗಲಿ. ವಾದ್ಯ ನೆಲದ ಮೇಲೆ ಬೇಡ, ಬೆಂಚಿನ ಮೇಲಿರಲಿ. ಏನೇನಿದೆ ಅಂತ ಚೀಟಿ ಬರೆದು ಸಹಿ ಮಾಡಿಕೊಡಿ. ಹಾಳಾದರೆ ರಿಪೇರಿ ನಮ್ಮದು ಅಂತ ಅದರಲ್ಲಿ ಬರೆಯಿರಿ. ಬರೆಯಲು ಕೈ ಬರದಿದ್ದರೆ ಬಿಟ್ಟು ಹೋಗಿ ಅಂತ ಹೇಳಲೂಬೇಡಿ.

ಕಲಿಯುವ ಮಕ್ಕಳಿಗೂ ಒಂದು ಮಾತು. ಯಾರೇ ಹೇಳಲಿ, ಎಷ್ಟೇ ದೊಡ್ಡವರಿರಲಿ, "ಇಲ್ಲ ಸರ್, ವಾದ್ಯ ನನ್ನ ಜೊತೆ ಬರಬೇಕು" ಅನ್ನಿ. ಅದು ಅಹಂಕಾರ ಅಲ್ಲ. ನಿಮಗೆ ಹೇಳಲು ಆಗದಿದ್ದರೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾಗಿದ್ದರೂ ಸರಿ, ನಾನು ಬಂದು ಮಾತಾಡುತ್ತೇನೆ.

ಆ ಹುಡುಗನ ರಿಪೇರಿ ಖರ್ಚಿನ ವಿಷಯ ನಾಳೆ ಸಮಿತಿಯ ಮುಂದೆ ಇಡುತ್ತಿದ್ದೇನೆ. ಮೂರನೇ ದಿನದ ಕಛೇರಿಗೆ ನಾನೂ ನುಡಿಸಬೇಕು. ಸಂಜೆ ಬರುವ ಮೊದಲೇ ಆಟೋ ನಂಬರ್ ಕೇಳಿದ್ದೇನೆ. ಹಿರಿಯರು "ಆಗ್ಲಿ ಸಾರ್, ನಿಮಗೆ ಮಾಡಿಸೋಣ" ಅಂದರು. ನನಗೆ ಒಬ್ಬನಿಗೆ ಬೇಡ, ಪಿಟೀಲು ನುಡಿಸುವ ಹುಡುಗಿಗೂ ಮಾಡಿಸಿ ಅಂತ ಹೇಳಿದ್ದೇನೆ.