ಚಿಲ್ಲರೆ ಎಣಿಸುವ ಆಟದಲ್ಲಿ ಮೊತ್ತ ತೋರಿಸಬೇಡಿ

ಸರಿಯಾದ ಚಿಲ್ಲರೆ ಎಣಿಸಿ ಕೊಡುವ ಪುಟ್ಟ ವಿಡಿಯೋ ಗೇಮ್ ನೀವೂ ಆಡಿರಬಹುದು. ಮೇಲೆ ಸಾಮಾನಿನ ಬೆಲೆ, ಗಿರಾಕಿ ಕೊಟ್ಟ ಹಣ. ಕೆಳಗೆ ನೋಟು, ನಾಣ್ಯ. ಟೈಮರ್ ಓಡುತ್ತಿರುತ್ತದೆ. ಬಾಕಿ ಎಷ್ಟೋ ಅಷ್ಟನ್ನು ಒತ್ತಿ ಕೊಡಬೇಕು. ನನಗೆ ಈ ಆಟ ತುಂಬಾ ಇಷ್ಟ. ಅದಕ್ಕೇ ಇದನ್ನು ಮಾಡುವವರ ಮೇಲೆ ಒಂದು ತಕರಾರೂ ಇದೆ.

ನಾನು ನೋಡಿದ ಎಷ್ಟೋ ಆಟಗಳಲ್ಲಿ ಪ್ರತಿ ನಾಣ್ಯ ಒತ್ತಿದಾಗಲೂ ಅಲ್ಲಿಯವರೆಗಿನ ಮೊತ್ತ ಪರದೆಯ ಮೂಲೆಯಲ್ಲಿ ಬಂದುಬಿಡುತ್ತದೆ. ಆಮೇಲೆ ಎಣಿಸೋಕೆ ಏನು ಉಳಿಯಿತು? ಒಂದು ಸಲ ಕಳೆದು ಉತ್ತರ ಹಿಡಿದರೆ ಸಾಕು, ಮೊತ್ತ ಅಲ್ಲಿಗೆ ಮುಟ್ಟುವವರೆಗೆ ಸುಮ್ನೆ ಒತ್ತುತ್ತಾ ಹೋಗಬಹುದು. ಆಟದ ಜೀವವೇ ಅಲ್ಲಿ ಹೋಯಿತು.

ಗಲ್ಲಾಪೆಟ್ಟಿಗೆ ಮುಂದೆ ಪಳಗಿದವರು ಹೇಗೆ ಎಣಿಸುತ್ತಾರೆ ಗೊತ್ತಲ್ವಾ? ಬೆಲೆ 63, ಕೊಟ್ಟಿದ್ದು 100. ಅವರು ಕಳೆಯುವುದೇ ಇಲ್ಲ. 63ರಿಂದ ಮೇಲಕ್ಕೆ ಹತ್ತುತ್ತಾರೆ. 2 ಇಟ್ಟರೆ 65, 5 ಇಟ್ಟರೆ 70, 10 ಇಟ್ಟರೆ 80, 20 ಇಟ್ಟರೆ 100. ಮುಗಿಯಿತು. ಕೈಯಲ್ಲಿರುವುದು 37 ಅಂತ ಅವರಿಗೆ ಗೊತ್ತಾಗಬೇಕಾಗಿಯೂ ಇಲ್ಲ! ಅದನ್ನೇ ಕಾಗದದ ಮೇಲೆ ಕಳೆಯಲು ಹೋದರೆ ಪಕ್ಕದ ಸ್ಥಾನದಿಂದ ಸಾಲ ತರಬೇಕು, ಅಲ್ಲಿ ಸೊನ್ನೆ ಇದ್ದರೆ ಅದರ ಪಕ್ಕಕ್ಕೆ ಹೋಗಬೇಕು. ಟೈಮರ್ ಓಡುವಾಗ ತಪ್ಪಾಗುವುದು ಅಲ್ಲೇ. ಮೊತ್ತ ಕಾಣದಂತೆ ಮಾಡಿದರೆ ಆಡುವವರು ತಾವಾಗಿಯೇ ಈ ಮೇಲೆ ಹತ್ತುವ ದಾರಿ ಹಿಡಿಯುತ್ತಾರೆ ಅನ್ನೋದು ನನ್ನ ನಂಬಿಕೆ.

ಅತಿ ಕಡಿಮೆ ನಾಣ್ಯದಲ್ಲಿ ಕೊಡಿ ಅಂತ ಹಟ ಹಿಡಿಯುವ ಆಟಗಳೂ ಇವೆ. ಅದು ಬೇರೆಯೇ ಲೆಕ್ಕ, ಅದಕ್ಕೂ ಅದರದ್ದೇ ಸೊಗಸಿದೆ. 1, 2, 5, 10, 20, 50 ಇರುವ ಕಡೆ ದೊಡ್ಡದನ್ನೇ ಮೊದಲು ಎತ್ತಿಕೊಳ್ಳುತ್ತಾ ಹೋದರೆ ಯಾವಾಗಲೂ ಗೆಲುವು. ಎಲ್ಲ ನಾಣ್ಯಗಳಲ್ಲೂ ಹೀಗಾಗದು. 1971ರಲ್ಲಿ ದಶಮಾಂಶ ಪದ್ಧತಿಗೆ ಬರುವ ಮೊದಲು ಬ್ರಿಟನ್ನಿನಲ್ಲಿ ಹಾಫ್ ಕ್ರೌನ್ ಅಂದರೆ 30 ಪೆನ್ಸ್, ಫ್ಲಾರಿನ್ 24, ಶಿಲ್ಲಿಂಗ್ 12, ಸಿಕ್ಸ್‌ಪೆನ್ಸ್ 6. ಅಲ್ಲಿ 48 ಪೆನ್ಸ್ ಕೊಡಲು ದೊಡ್ಡದರಿಂದ ಶುರು ಮಾಡಿದರೆ 30, 12, 6 ಅಂತ ಮೂರು ನಾಣ್ಯ ಬೇಕು. ಎರಡು ಫ್ಲಾರಿನ್ ಕೊಟ್ಟರೆ ಆಗಿಹೋಯಿತು. ಇಂಥ ನಾಣ್ಯಗಳ ಒಂದು ಹಂತವನ್ನು ಯಾರಾದರೂ ಆಟದಲ್ಲಿ ಇಟ್ಟರೆ ನಾನು ಊಟ ಬಿಟ್ಟು ಆಡುತ್ತೇನೆ.

ಇದರಿಂದ ಮೆದುಳು ಚುರುಕಾಗುತ್ತದಾ ಅಂತ ಕೇಳುವವರಿದ್ದಾರೆ. 2005ರಲ್ಲಿ ಜಪಾನಿನಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನವಾದ ನಿಂಟೆಂಡೊ ಡಿಎಸ್‌ನ ಎರಡನೆಯ ಬ್ರೈನ್ ಏಜ್ ಎಂಬ ಮೆದುಳಿನ ಅಭ್ಯಾಸದ ಆಟದಲ್ಲಿ ಚಿಲ್ಲರೆ ಕೊಡುವುದೂ ಒಂದು ಅಭ್ಯಾಸವಾಗಿತ್ತು. ಆಮೇಲೆ 2010ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 11,430 ಜನ ಆರು ವಾರ ಇಂಥ ಮೆದುಳಿನ ಅಭ್ಯಾಸಗಳನ್ನು ಮಾಡಿದ್ದರು. ಮಾಡಿದ ಅಭ್ಯಾಸದಲ್ಲಿ ಸುಧಾರಿಸಿದರು. ಅದಕ್ಕೆ ಹತ್ತಿರದ ಬೇರೆ ಕೆಲಸಗಳಿಗೂ ಆ ಲಾಭ ದಾಟಿದ ಕುರುಹು ಸಿಗಲಿಲ್ಲ. ಆದರೆ ಚಿಲ್ಲರೆ ಆಟಕ್ಕೆ ಇದರಿಂದ ನಷ್ಟವೇನು ಹೇಳಿ? ಇಲ್ಲಿ ಕಲಿತದ್ದು ಬೇರೆಲ್ಲಿಗೂ ದಾಟಬೇಕಿಲ್ಲ. ಚಿಲ್ಲರೆ ಎಣಿಸುವುದೇ ಬೇಕಾದ ಕೆಲಸ, ಅದನ್ನೇ ಅಭ್ಯಾಸ ಮಾಡುತ್ತಿದ್ದೇವೆ.

ಮಾಡುವವರಿಗೆ ಇನ್ನೊಂದು ಬೇಡಿಕೆ. 63ರ ಸಾಮಾನಿಗೆ 103 ಕೊಡುವ ಗಿರಾಕಿಯನ್ನೂ ಆಟಕ್ಕೆ ತನ್ನಿ. ಆ 3 ಯಾಕೆ ಜಾಸ್ತಿ ಬಂತು ಅಂತ ಹೊಳೆಯುವವರೆಗೆ ಟೈಮರ್ ಸ್ವಲ್ಪ ನಿಧಾನ ಓಡಲಿ.